ಐಎಸ್‌ಡಿ ಸಿಗದಿದ್ದಾಗ ಮೊದಲು ನೋಡಬೇಕಾದದ್ದು ಟ್ರೇಸ್

ಒಳಗಿನ ಫೋನ್‌ಗಳನ್ನು ಹೊರಗಿನ ಲೈನ್‌ಗಳಿಗೆ ಜೋಡಿಸುವ ಕಚೇರಿಯ ಇಪಿಎಬಿಎಕ್ಸ್ ಯಂತ್ರದಿಂದ ಸ್ಥಳೀಯ ಕರೆಗಳೂ ದೇಶದೊಳಗಿನ ಎಸ್‌ಟಿಡಿ ಕರೆಗಳೂ ಸರಾಗವಾಗಿ ಹೋಗುತ್ತಿದ್ದು ವಿದೇಶದ ಕರೆ, ಅಂದರೆ ಐಎಸ್‌ಡಿ ಮಾತ್ರ ಸಿಗುತ್ತಿಲ್ಲವೆಂದರೆ, ಲೈನ್ ಕೆಟ್ಟಿದೆಯೆಂದು ದೂರು ಬರೆಸುವ ಮುನ್ನ ಸೇವಾದಾರರಿಗೆ ಜೋಡಿಸುವ ಟ್ರಂಕ್ ಲೈನ್ ದಾಟಿ ಹೊರಗೆ ಹೋಗುತ್ತಿರುವ ಅಂಕಿಗಳು ಯಾವುವೆಂದು ಟ್ರೇಸ್‌ನಲ್ಲಿ, ಅಂದರೆ ಯಂತ್ರ ದಾಖಲಿಸುವ ಕರೆಯ ಸಂದೇಶಗಳಲ್ಲಿ, ನೋಡಲೇಬೇಕು. ಸಿಬ್ಬಂದಿ ಒತ್ತಿದ ಸಂಖ್ಯೆಯೇ ಹೊರಗೆ ಹೋಗುತ್ತಿದೆ ಎಂದು ನಂಬಿ ಹುಡುಕಲು ಹೊರಟರೆ ದಿನಗಳು ವ್ಯರ್ಥವಾಗುತ್ತವೆ.

ಪೀಣ್ಯದ ಕಾರ್ಖಾನೆಯೊಂದು ಹಳೆಯ ಬಗೆಯ ಪಿಆರ್‌ಐ ಡಿಜಿಟಲ್ ಲೈನ್‌ಗಳನ್ನು ಬಿಟ್ಟು, ಇಂಟರ್‌ನೆಟ್ ಮಾದರಿಯ ಜಾಲದ ಮೂಲಕ ಕರೆ ಒಯ್ಯುವ ಸಿಪ್ ಟ್ರಂಕ್‌ಗೆ ಬದಲಾದಾಗ ಅಲ್ಲಿನ ರಫ್ತು ವಿಭಾಗಕ್ಕೆ ಜರ್ಮನಿಯ ಗ್ರಾಹಕರು ಸಿಗದಂತಾದರು. ಸಿಬ್ಬಂದಿ ಹೊರಲೈನ್‌ಗೆ 0, ವಿದೇಶಕ್ಕೆ 00, ಬಳಿಕ ಜರ್ಮನಿಯ 49 ಎಂದು ಸರಿಯಾಗಿಯೇ ಒತ್ತುತ್ತಿದ್ದರು. ಆದರೆ ಟ್ರೇಸ್‌ನಲ್ಲಿ ಹೊರಹೋಗುವ ಸಂಖ್ಯೆ +91049 ಎಂದು ಆರಂಭವಾಗುತ್ತಿತ್ತು. ಅಂಥ ಸಂಖ್ಯೆಯೇ ಇಲ್ಲವೆಂದು ಸೇವಾದಾರರ ಕಡೆಯಿಂದ 404 ಉತ್ತರ ಬರುತ್ತಿತ್ತು. ಹೊರಲೈನ್‌ನ ಸೊನ್ನೆ ಕಳೆದ ಮೇಲೆ ಉಳಿದ 0049 ಅನ್ನು, ಸೊನ್ನೆಯಿಂದ ಆರಂಭವಾಗುವುದೆಲ್ಲವನ್ನೂ ಎಸ್‌ಟಿಡಿ ಎಂದೆಣಿಸಿ ಆ ಸೊನ್ನೆಯ ಜಾಗದಲ್ಲಿ +91 ಇಡುವ ನಿಯಮ ಮೊದಲೇ ಹಿಡಿದುಬಿಡುತ್ತಿತ್ತು. ಎರಡು ಸೊನ್ನೆಗಳ ನಿಯಮವೂ ಯಂತ್ರದ ಡಯಲ್ ಪ್ಲಾನ್‌ ಎಂಬ ನಿಯಮಗಳ ಪಟ್ಟಿಯಲ್ಲಿತ್ತು, ಆದರೆ ಅದರ ಕೆಳಗಿತ್ತು. ಅದನ್ನು ಮೇಲಕ್ಕೆ ತಂದೊಡನೆ ಹೆಚ್ಚಿನ ಕರೆಗಳು ಹೋದವು.

ಆದರೂ ಕೆಲವು ಸಂಖ್ಯೆಗಳಿಗೆ, ಅಂಕಿಗಳು ಸಾಲವೆಂದು ಹೇಳುವ 484 ಬರುತ್ತಲೇ ಇತ್ತು. ನಮ್ಮಲ್ಲಿ ಎಸ್‌ಟಿಡಿ ಕೋಡ್ ಸೇರಿ ಹತ್ತು ಅಂಕಿ ಎಂಬ ಲೆಕ್ಕ ರೂಢಿಯಾಗಿರುವುದರಿಂದ ನಿಯಮಗಳಲ್ಲಿಯೂ ನಿಗದಿತ ಉದ್ದವನ್ನೇ ಬರೆಯುತ್ತೇವೆ. ಜರ್ಮನಿಯಲ್ಲಿ ಸಂಖ್ಯೆಗಳ ಉದ್ದ ಒಂದೇ ಸಮನಾಗಿಲ್ಲ. ಅಂತರರಾಷ್ಟ್ರೀಯ ದೂರವಾಣಿ ಸಂಖ್ಯೆಗಳ ಇ.164 ಮಾನದಂಡದ ಪ್ರಕಾರ ದೇಶದ ಕೋಡ್ ಸೇರಿ ಗರಿಷ್ಠ 15 ಅಂಕಿಗಳಿಗೆ ಅವಕಾಶವಿರಬೇಕು, ಮತ್ತು ಕೊನೆಯ ಅಂಕಿಯ ನಂತರ ಯಂತ್ರ ಕೆಲವು ಸೆಕೆಂಡು ಕಾಯಬೇಕು. ವಿಸಿಟಿಂಗ್ ಕಾರ್ಡ್‌ಗಳಲ್ಲಿ 49ರ ನಂತರ ಆವರಣದೊಳಗೆ ಬರೆದಿರುವ ಸೊನ್ನೆಯನ್ನು ವಿದೇಶದಿಂದ ಒತ್ತಬಾರದು. ಆದರೆ ಇಟಲಿಯ ಸ್ಥಿರ ದೂರವಾಣಿಗಳಲ್ಲಿ ಸೊನ್ನೆ ಸಂಖ್ಯೆಯದೇ ಭಾಗವಾಗಿದ್ದು, ಅದನ್ನು ಬಿಡುವಂತಿಲ್ಲ.

ಕರೆಗೆ ಅನುಮತಿಯಿಲ್ಲವೆಂದು ಹೇಳುವ 403 ಬಂದರೆ ಹುಡುಕುವ ದಿಕ್ಕೇ ಬೇರೆ. ಸೇವಾದಾರರು ಐಎಸ್‌ಡಿ ತೆರೆದಿಲ್ಲದಿರಬಹುದು, ಇಲ್ಲವೇ ಕರೆ ಮಾಡುವವರ ಸಂಖ್ಯೆಯಾಗಿ ಕಂಪನಿಯ ಪೂರ್ಣ ಸಂಖ್ಯೆಯ ಬದಲು ಬರಿಯ ಎಕ್ಸ್‌ಟೆನ್ಷನ್ ಸಂಖ್ಯೆ ಹೋಗುತ್ತಿರಬಹುದು. ಬೇಸರಗೊಂಡು ಎಲ್ಲ ಎಕ್ಸ್‌ಟೆನ್ಷನ್‌ಗಳಿಗೂ ಐಎಸ್‌ಡಿ ತೆರೆದುಬಿಡುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ, ಏಕೆಂದರೆ ದುರ್ಬಲ ಪಾಸ್‌ವರ್ಡ್‌ನ ಒಂದೇ ಎಕ್ಸ್‌ಟೆನ್ಷನ್ ಮೂಲಕ ರಾತ್ರೋರಾತ್ರಿ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆ ಮಾಡಿ ಬಿಲ್ ಏರಿಸುವ ವಂಚಕರಿದ್ದಾರೆ. ಬೇಕಾದ ವಿಭಾಗಕ್ಕೆ, ಬೇಕಾದ ದೇಶಗಳಿಗೆ ಮಾತ್ರ ತೆರೆದರೆ ಸಾಕು.

ನಿಯಮಗಳ ಕ್ರಮ ಬದಲಿಸಿದ ಮೇಲೆ ಬೇರೆ ಬೇರೆ ಉದ್ದದ ವಿದೇಶಿ ಸಂಖ್ಯೆಗಳ ಜೊತೆಗೆ ಒಂದು ಎಸ್‌ಟಿಡಿ ಸಂಖ್ಯೆಯನ್ನೂ ಒಂದು ಮೊಬೈಲ್ ಸಂಖ್ಯೆಯನ್ನೂ ಮತ್ತೆ ಪರೀಕ್ಷಿಸಬೇಕು. ಹೊರಲೈನ್‌ನ ಸೊನ್ನೆ ಒತ್ತಿದರೂ ಒತ್ತದಿದ್ದರೂ ತುರ್ತು ಸಂಖ್ಯೆ 112 ಯಾವ ನಿಯಮಕ್ಕೆ ಸಿಕ್ಕಿ ಎಲ್ಲಿಗೆ ಹೋಗುತ್ತದೆಂದು ಡಯಲ್ ಪ್ಲಾನ್‌ನಲ್ಲಿ ಖಚಿತಪಡಿಸಿಕೊಳ್ಳದೆ ಕೆಲಸ ಮುಗಿಸಬಾರದು.