ಫ್ಲೋರೈಡ್ ಹಿಡಿಯುವ ಹರಳು: ನಾಲ್ಕನೇ ತಿಂಗಳ ಲೆಕ್ಕ

ಸುರಪುರ ತಾಲ್ಲೂಕಿನ ನಮ್ಮೂರಿನಲ್ಲಿ ಅವ್ವ ಇಂದಿಗೂ ಬೋರ್‌ವೆಲ್ ನೀರನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ ಕೊಡ ತುಂಬಿಸುತ್ತಾಳೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಏರುತ್ತದೆ. ಅಣ್ಣನ ಮಗಳ ಮುಂದಿನ ಹಲ್ಲುಗಳ ಮೇಲೆ ಚಹಾ ಬಣ್ಣದ ಅಡ್ಡಗೆರೆಗಳನ್ನು ಕಂಡ ಮೇಲೆಯೇ ನೀರಿನ ಫ್ಲೋರೈಡನ್ನು ಹರಳೊಂದು ಹಿಡಿದಿಡಬಲ್ಲದೇ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ಈ ಕೆಲಸಕ್ಕೆ ನಾನು ಕೈಹಾಕಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದಲ್ಲಿ ಮಾತ್ರ 1.5ರವರೆಗೆ ಒಪ್ಪಬಹುದು.

ಯಾದಗಿರಿಯ ಬಾಡಿಗೆ ಕೋಣೆಯಲ್ಲಿ ನಾನು ಲೆಕ್ಕ ಹಾಕುತ್ತಿರುವುದು ಯುಐಒ-66 ಎಂಬ ರಂಧ್ರಮಯ ಹರಳಿನ ಮೇಲೆ. ಓಸ್ಲೋ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಈ ರಚನೆಯಲ್ಲಿ ಆರಾರು ಜಿರ್ಕೋನಿಯಂ ಪರಮಾಣುಗಳ ಗಂಟುಗಳನ್ನು ಟೆರೆಫ್ತಾಲೇಟ್ ಎಂಬ ಇಂಗಾಲಯುಕ್ತ ಕೊಂಡಿಗಳು ಬೆಸೆದಿರುತ್ತವೆ. ಅತಿ ಚಿಕ್ಕ ಪುನರಾವರ್ತಿತ ಘಟಕದಲ್ಲೇ 114 ಪರಮಾಣುಗಳಿರುವುದರಿಂದ ಪರಮಾಣುಗಳ ಲೆಕ್ಕ ಹಾಕುವ ಕ್ವಾಂಟಮ್ ಎಸ್ಪ್ರೆಸೊ ಎಂಬ ತಂತ್ರಾಂಶದಲ್ಲಿ ಒಂದು ರಚನೆ ಸ್ಥಿರಗೊಳ್ಳಲು ನನ್ನ ಕಂಪ್ಯೂಟರಿಗೆ ಹಲವು ದಿನ ಬೇಕಾಗುತ್ತದೆ.

ಮೊದಲೆರಡು ತಿಂಗಳ ಫಲಿತಾಂಶಗಳನ್ನು ನಾನು ಪೂರ್ತಿ ಕೈಬಿಟ್ಟಿದ್ದೇನೆ. ನಿರ್ವಾತದಲ್ಲಿರುವ ಒಂಟಿ ಫ್ಲೋರೈಡ್ ಅಯಾನಿನಿಂದ (ವಿದ್ಯುದಂಶ ಹೊತ್ತ ಕಣದಿಂದ) ಲೆಕ್ಕ ಶುರುಮಾಡಿದ್ದರಿಂದ ಬಂಧನಶಕ್ತಿ ನಂಬಲಾಗದಷ್ಟು ಹೆಚ್ಚಾಗಿ ಬಂದಿತ್ತು. ನಿಜವಾದ ನೀರಿನಲ್ಲಿ ಆ ಪುಟ್ಟ ಅಯಾನನ್ನು ನೀರಿನ ಅಣುಗಳು ಬಿಗಿಯಾಗಿ ಸುತ್ತುವರಿದಿರುತ್ತವೆ, ಮತ್ತು ಹರಳು ಅದನ್ನು ಹಿಡಿಯಬೇಕಾದರೆ ಆ ಬಿಗಿತವನ್ನು ಮೊದಲು ಸಡಿಲಿಸಲೇಬೇಕು. ಈಗ ಜಿರ್ಕೋನಿಯಂಗೆ ಅಂಟಿದ ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಜಲಜನಕ ಸೇರಿದ) ಗುಂಪಿನ ಜಾಗಕ್ಕೆ ಫ್ಲೋರೈಡ್ ಬರುವ ವಿನಿಮಯವನ್ನು, ಎರಡೂ ಕಡೆ ವಿದ್ಯುದಂಶ ಶೂನ್ಯವಾಗುವಂತೆ ಬರೆದುಕೊಂಡು, ಸುತ್ತಲಿನ ನೀರಿನ ಪರಿಣಾಮವನ್ನು ಸೇರಿಸುವ ತಿದ್ದುಪಡಿಯೊಂದಿಗೆ ಲೆಕ್ಕ ಹಾಕುತ್ತಿದ್ದೇನೆ.

ಈ ತಿಂಗಳು ನನ್ನ ಗಮನವೆಲ್ಲ ಹರಳಿನ ಕೊರತೆಗಳ ಮೇಲಿದೆ. ಪರಿಪೂರ್ಣ ಹರಳಿನಲ್ಲಿ ಜಿರ್ಕೋನಿಯಂ ಸುತ್ತಲೂ ಮುಚ್ಚಿಕೊಂಡಿರುತ್ತದೆ; ಒಂದು ಕೊಂಡಿ ತಪ್ಪಿದಲ್ಲಿ ಮಾತ್ರ ಹೈಡ್ರಾಕ್ಸಿಲ್ ಮತ್ತು ನೀರು ತಾತ್ಕಾಲಿಕವಾಗಿ ಕುಳಿತ ತೆರೆದ ಜಾಗಗಳು ಸಿಗುತ್ತವೆ. ಒಂದು ಕೊಂಡಿ ತೆಗೆದು, ಎರಡು ತುದಿಗಳಲ್ಲೂ ಆ ಗುಂಪುಗಳನ್ನು ಕೂರಿಸಿದಾಗ ಘಟಕ 108 ಪರಮಾಣುಗಳದಾಯಿತು. ನನ್ನ ದೃಷ್ಟಿಯಲ್ಲಿ ಫ್ಲೋರೈಡ್ ಹಿಡಿಯುವ ಕೆಲಸ ನಡೆಯುವುದು ಈ ತೆರೆದ ಜಾಗಗಳಲ್ಲೇ. ಫ್ಲೋರೈಡ್ ಪತ್ತೆಗೆ ಕೊಂಡಿಯ ಮೇಲೆ ಅಮೈನೊ ಗುಂಪು ಸೇರಿಸಿ ಬೆಳಕು ಸೂಸುವ ಗುಣವನ್ನು ನೋಡುವ ಕೆಲಸ ಮುಂದಿದೆ.

ಅದಕ್ಕೂ ಮೊದಲು ನೀರಿನಲ್ಲಿ ಕರಗಿರುವ ಮತ್ತೊಂದು ಅಯಾನಾದ ಬೈಕಾರ್ಬೊನೇಟಿನ ಪ್ರಶ್ನೆಯಿದೆ. ಫ್ಲೋರೈಡ್ ಹೆಚ್ಚಿರುವ ಅಂತರ್ಜಲದಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆಯಿದ್ದು, ಬೈಕಾರ್ಬೊನೇಟ್ ಬಹಳ ಹೆಚ್ಚಿರುತ್ತದೆ; ಅದೇ ತೆರೆದ ಜಾಗಕ್ಕೆ ಅದೂ ಪೈಪೋಟಿಗೆ ಬರುತ್ತದೆ. ಅದನ್ನು ಕೂರಿಸಿದ ರಚನೆಯ ಲೆಕ್ಕ ನಿನ್ನೆ ರಾತ್ರಿ ಕರೆಂಟ್ ಹೋಗಿ ನಡುವೆಯೇ ನಿಂತಿತ್ತು. ಉಳಿಸಿಕೊಂಡಿದ್ದ ಕಡತದಿಂದ ಬೆಳಿಗ್ಗೆ ಮತ್ತೆ ಚಾಲೂ ಮಾಡಿದ್ದೇನೆ.