ಟ್ಯಾವಿಸ್ಟಾಕ್ ಸ್ಕ್ವೇರಿನಲ್ಲಿ ಕೂತ ಗಾಂಧೀಜಿ

ನಮ್ಮ ಊರುಗಳ ವೃತ್ತಗಳಲ್ಲಿ ಗಾಂಧೀಜಿ ಸಾಮಾನ್ಯವಾಗಿ ಕೋಲೂರಿಕೊಂಡು ನಡೆಯುತ್ತಿರುತ್ತಾರೆ. ಲಂಡನ್ನಿನ ಟ್ಯಾವಿಸ್ಟಾಕ್ ಸ್ಕ್ವೇರ್ ಪಾರ್ಕಿನಲ್ಲಿ ಅವರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಅಲ್ಲಿ ಓದುತ್ತಿದ್ದ ಮಗಳನ್ನು ನೋಡಲು ಹೋದಾಗ ಒಂದು ಮಧ್ಯಾಹ್ನ ಇಬ್ಬರೂ ಆ ಪಾರ್ಕಿಗೆ ಹೋದೆವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರತಿಮೆಗಿಂತ ಅದರ ಪೀಠ. ಕಲ್ಲಿನ ಪೀಠದ ನಡುವೆ ಗೂಡಿನ ಹಾಗೆ ಟೊಳ್ಳು ಬಿಟ್ಟಿದ್ದಾರೆ. ಹೂ ಇಡಬಹುದು, ಮೇಣದಬತ್ತಿ ಹಚ್ಚಬಹುದು. ಅವತ್ತು ಬಾಡಿದ ಗುಲಾಬಿಗಳ ಪಕ್ಕ ಯಾರೋ ಆಗಷ್ಟೇ ಇಟ್ಟ ಚೆಂಡುಹೂಗಳಿದ್ದವು, ಕರಗಿದ ಮೇಣ ಕಲ್ಲಿಗೆ ಅಂಟಿತ್ತು. ಬಂದವರು ಬರಿಗೈಲಿ ನಿಂತು ನೋಡಿ ಹೋಗದಿರಲಿ ಎಂಬಂತಿದ್ದ ಆ ಜಾಗ ಕಂಡು ಶಿಲ್ಪಿ ಫ್ರೆಡ್ಡಾ ಬ್ರಿಲಿಯಂಟ್ ಮೇಲೆ ಅಭಿಮಾನ ಉಕ್ಕಿತು. 1968ರಲ್ಲಿ ಪ್ರತಿಮೆ ಅನಾವರಣ ಮಾಡಿದವರು ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್. ಗಾಂಧೀಜಿ ಬ್ಯಾರಿಸ್ಟರ್ ಓದಲು 1888ರಲ್ಲಿ ಬಂದಿದ್ದೂ ಇದೇ ಊರಿಗೆ. ಅವರನ್ನು ವಕೀಲರನ್ನಾಗಿ ಮಾಡಿದ, ಇನ್ನರ್ ಟೆಂಪಲ್ ಎಂಬ ಬ್ಯಾರಿಸ್ಟರುಗಳ ಸಂಸ್ಥೆ 1922ರಲ್ಲಿ ಅವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತ್ತು. ಮತ್ತೆ ಸೇರಿಸಿದ್ದು 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷವಾದ ಮೇಲೆ. ಅಷ್ಟು ತಡವಾಗಿದ್ದು ಈಗಲೂ ನನಗೆ ನೋವಿನ ಸಂಗತಿಯೇ.

ಪಾರ್ಕಿನಲ್ಲಿ ಅವರು ಒಬ್ಬರೇ ಇಲ್ಲ. ಹಿರೋಷಿಮಾದಲ್ಲಿ ಸತ್ತವರ ನೆನಪಿಗೆ 1967ರಲ್ಲಿ ನೆಟ್ಟ ಚೆರ್ರಿ ಮರವಿದೆ. ಯುದ್ಧದಲ್ಲಿ ಕೊಲ್ಲಲು ಒಲ್ಲೆ ಎಂದವರಿಗಾಗಿ 1994ರಲ್ಲಿ ಇಟ್ಟ ದೊಡ್ಡ ಬಂಡೆಯಿದೆ. ಸೈನ್ಯಕ್ಕೆ ಸೇರದೆ ಜೈಲಿಗೆ ಹೋದವರಿಗೂ ಒಂದು ಕಲ್ಲು! ನಮ್ಮಲ್ಲಿ ಅಂಥದ್ದನ್ನು ನಾನು ನೋಡಿಲ್ಲ. ಅದರ ಮುಂದೆಯೇ ಬಹಳ ಹೊತ್ತು ನಿಂತೆ.

ಪಾರ್ಕಿನ ಪಕ್ಕದ ರಸ್ತೆಯಲ್ಲೇ 2005ರ ಜುಲೈ 7ರಂದು 30ನೇ ನಂಬರಿನ ಬಸ್ಸಿನಲ್ಲಿ ಬಾಂಬ್ ಸಿಡಿದು 13 ಜನ ಪ್ರಯಾಣಿಕರು ಸತ್ತರು. ಅದನ್ನು ಮಗಳು ಹೇಳಿದಾಗ ಬೇಲಿಯಾಚೆ ಡಬಲ್ ಡೆಕ್ಕರ್ ಬಸ್ಸುಗಳು ಎಂದಿನಂತೆ ಓಡುತ್ತಿದ್ದವು. ಅಹಿಂಸೆಯ ಮಾತಿಗೆ ಇದಕ್ಕಿಂತ ಕಠಿಣವಾದ ಜಾಗ ಇರಲಾರದು ಅನ್ನಿಸಿತು.

ಮರುದಿನ ಪಾರ್ಲಿಮೆಂಟ್ ಸ್ಕ್ವೇರಿಗೂ ಹೋದೆವು. ಅಲ್ಲಿ 2015ರಲ್ಲಿ ನಿಲ್ಲಿಸಿದ ಗಾಂಧೀಜಿ ಇದ್ದಾರೆ, ಅದೇ ಚೌಕದಲ್ಲಿ ಚರ್ಚಿಲ್ ಕೂಡ. ಚರ್ಚಿಲ್ ಇರುವಲ್ಲೇ ಗಾಂಧಿಗೂ ಜಾಗ ಸಿಕ್ಕಿದ್ದು ಸಣ್ಣ ವಿಷಯವಲ್ಲ. ಆದರೂ ಅಕ್ಟೋಬರ್ 2ಕ್ಕೆ ಎಲ್ಲಿಗೆ ಹೋಗಲಿ ಅಂತ ಮಗಳು ಕೇಳಿದಾಗ, "ಟ್ಯಾವಿಸ್ಟಾಕಿಗೇ ಹೋಗಮ್ಮ, ಹೂ ತಗೊಂಡು ಹೋಗು" ಅಂದೆ.