ಅವಸರವೇ ಇಲ್ಲದ ಹತ್ತನೇ ನಂಬರು

25 ಜೂನ್ 2025, ಬುಧವಾರ

ರಾತ್ರಿ ಹನ್ನೆರಡೂವರೆಗೆ ಶುರುವಾದ ಪಂದ್ಯ ಮಧ್ಯೆ ಹವಾಮಾನ ಕೆಟ್ಟು ನಿಂತು, ಮುಗಿಯುವ ಹೊತ್ತಿಗೆ ಮೂರು ಗಂಟೆ ದಾಟಿತ್ತು. ಫುಟ್‌ಬಾಲ್ ಕ್ಲಬ್ ವಿಶ್ವಕಪ್. ಅಮೆರಿಕದ ನ್ಯಾಶ್‌ವಿಲ್. ಅರ್ಜೆಂಟೀನಾದ ಬೊಕಾ ಜೂನಿಯರ್ಸ್ 1, ಆಕ್ಲೆಂಡ್ ಸಿಟಿ 1. ಇದೇ ಆಕ್ಲೆಂಡ್ ಸಿಟಿಗೆ ಬಾಯರ್ನ್ ಹತ್ತು ಗೋಲು ಹೊಡೆದಿತ್ತು, ಬೆನ್ಫಿಕಾ ಆರು. ಬೊಕಾಗೆ ಒಂದೇ ಒಂದು ಸಿಕ್ಕಿತು, ಅದೂ ಎದುರಾಳಿಗಳ ಸ್ವಂತ ಗೋಲು. ಆಮೇಲೆ ನ್ಯೂಜಿಲೆಂಡಿನಲ್ಲಿ ಮೇಷ್ಟ್ರಾಗಲು ತರಬೇತಿ ಪಡೆಯುತ್ತಿದ್ದ ಹುಡುಗನೊಬ್ಬ ತಲೆಯಿಂದ ಹೊಡೆದು ಸಮ ಮಾಡಿದ. ಬೊಕಾ ಮನೆಗೆ ಹೊರಟಿತು.

ಅಲ್ಲಿ ಆಗ ತಾರೀಖು ಜೂನ್ 24. ಬೊಕಾ ಅಧ್ಯಕ್ಷ ಹುವಾನ್ ರೊಮಾನ್ ರಿಕೆಲ್ಮೆಯ ಹುಟ್ಟುಹಬ್ಬ, 47 ತುಂಬಿತು. ಮೆಸ್ಸಿ ಹುಟ್ಟಿದ್ದೂ ಅದೇ ದಿನ, ಒಂಬತ್ತು ವರ್ಷ ತಡವಾಗಿ. ಬೆಳಗಿನಿಂದ ಫೋನಿನಲ್ಲಿ ಎಲ್ಲರೂ ಮೆಸ್ಸಿ ಫೋಟೋ ಹಾಕುತ್ತಿದ್ದಾರೆ. ರಿಕೆಲ್ಮೆಗೆ ಬೈಗುಳ ಮಾತ್ರ. ಅಧ್ಯಕ್ಷನಾಗಿ ಆತ ಬೈಸಿಕೊಳ್ಳಬೇಕಾದ್ದೇ ಬಿಡಿ. ಎಷ್ಟು ಕೋಚ್‌ಗಳು ಬಂದರು, ಎಷ್ಟು ಜನ ಹೋದರು! ಕೊನೆಗೆ 2007ರಲ್ಲಿ ತನ್ನ ಜೊತೆ ಕಪ್ ಗೆದ್ದ ಮಿಗೆಲ್ ಏಂಜೆಲ್ ರುಸ್ಸೋನನ್ನೇ 2025ರಲ್ಲಿ ಮತ್ತೆ ಕರೆದು ಕೂರಿಸಿದ. ಆದರೆ ಈಗಿನ ಹುಡುಗರು ಆತನನ್ನು ಬರೀ ಸೂಟು ಹಾಕಿಕೊಂಡ ಅಧ್ಯಕ್ಷ ಅಂತ ತಿಳಿದುಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ರಿಕೆಲ್ಮೆ ಬೆಳೆದದ್ದು ಬ್ಯೂನಸ್ ಐರಿಸ್ ಹೊರವಲಯದ ಡಾನ್ ತೊರ್ಕುವಾತೊ ಅನ್ನೋ ಬಡವರ ಬಡಾವಣೆಯಲ್ಲಿ. ಮನೆಯಲ್ಲಿ ಹನ್ನೊಂದು ಮಕ್ಕಳು, ಇವನೇ ಹಿರಿಯ. ಅರ್ಜೆಂಟಿನೋಸ್ ಜೂನಿಯರ್ಸ್‌ನಲ್ಲಿ ಆಟ ಕಲಿತು 1996ರಲ್ಲಿ ಬೊಕಾಗೆ ಬಂದ. ಅದೇ ನವೆಂಬರ್‌ನಲ್ಲಿ ಮೊದಲ ಪಂದ್ಯ. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಬೊಕಾದ ಬದ್ಧ ವೈರಿ ರಿವರ್ ಪ್ಲೇಟ್ ವಿರುದ್ಧ ಮರಡೋನಾ ತನ್ನ ಕೊನೆಯ ಅಧಿಕೃತ ಪಂದ್ಯ ಆಡಿದ. ಅರ್ಧ ಆಟ ಮುಗಿದ ಮೇಲೆ ಅವನ ಬದಲು ಮೈದಾನಕ್ಕೆ ಇಳಿದ ಹುಡುಗ ಈ ರಿಕೆಲ್ಮೆ. ವಯಸ್ಸು 19. ಸಿನಿಮಾದಲ್ಲಿ ಹೀಗೆ ತೋರಿಸಿದ್ದರೆ ಸುಮ್ನೆ ಬಿಡಪ್ಪ ಅಂತಿದ್ದೆವು, ಅಲ್ವಾ?

ಅವನದು ಎಂಗಾಂಚೆ ಜಾಗ. ಇಬ್ಬರು ಫಾರ್ವರ್ಡ್‌ಗಳ ಹಿಂದೆ, ಉಳಿದ ಮಿಡ್‌ಫೀಲ್ಡ್‌ನ ಮುಂದೆ ನಿಲ್ಲುವ ಹತ್ತನೇ ನಂಬರು. ಎಲ್ಲ ಚೆಂಡೂ ಅವನ ಕಾಲಿನ ಮೂಲಕವೇ ಹೋಗಬೇಕು. ಆಟ ಯಾವಾಗ ಜೋರಾಗಬೇಕು, ಯಾವಾಗ ನಿಲ್ಲಬೇಕು ಅನ್ನೋದು ಅವನ ತೀರ್ಮಾನ. ರಿಕೆಲ್ಮೆ ಜಾಸ್ತಿ ಓಡುತ್ತಿರಲಿಲ್ಲ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದಂತೂ ತನ್ನ ಕೆಲಸವೇ ಅಲ್ಲ ಅನ್ನೋ ಹಾಗೆ ಇರುತ್ತಿದ್ದ. ತುಂಬಿ ತುಳುಕುವ ಸಿಟಿ ಬಸ್ಸಿನಲ್ಲಿ ಎಲ್ಲರೂ ತಳ್ಳಾಡುವಾಗ ಕಂಡಕ್ಟರ್ ಒಬ್ಬ ನಿಧಾನವಾಗಿ ಚಿಲ್ಲರೆ ಎಣಿಸುತ್ತಾನಲ್ಲ, ಹಾಗೆ. ಸೋಮಾರಿ ಅಂದವರಿಗೆ ಲೆಕ್ಕವಿಲ್ಲ. ನಾನು ಒಪ್ಪೋದಿಲ್ಲ. ಅವನು ನಿಧಾನವಾಗಿದ್ದಾಗ ಉಳಿದ ಒಂಬತ್ತು ಜನಕ್ಕೆ ಓಡಲು ಸಮಯ ಸಿಗುತ್ತಿತ್ತು. ಅದು ಗೊತ್ತಿದ್ದ ಕೋಚ್‌ಗಳು ಗೆದ್ದರು.

ಮೊದಲು ಗೆದ್ದವನು ಕಾರ್ಲೋಸ್ ಬಿಯಾಂಕಿ. 1998ರಲ್ಲಿ ಬಂದು ರಿಕೆಲ್ಮೆಯನ್ನು ನಡುವೆ ನಿಲ್ಲಿಸಿ ಸುತ್ತ ತಂಡ ಕಟ್ಟಿದ. ಬೊಕಾ ಲೀಗ್‌ನಲ್ಲಿ ಸತತ 40 ಪಂದ್ಯ ಸೋಲದೆ ಆಡಿತು. 2000 ಮತ್ತು 2001, ಎರಡೂ ವರ್ಷ ಲಿಬರ್ತಡೋರೆಸ್ ಕಪ್, ಅಂದರೆ ದಕ್ಷಿಣ ಅಮೆರಿಕದ ಕ್ಲಬ್‌ಗಳ ದೊಡ್ಡ ಕಪ್.

2000ದ ಕ್ವಾರ್ಟರ್ ಫೈನಲ್ ರಿವರ್ ವಿರುದ್ಧ. ಮೊದಲ ಪಂದ್ಯ ರಿವರ್ 2-1ರಲ್ಲಿ ಗೆದ್ದಿತ್ತು. ಮೇ 24ರ ರಾತ್ರಿ ತನ್ನದೇ ಮೈದಾನ ಬೊಂಬೊನೆರಾದಲ್ಲಿ ಬೊಕಾ 3-0. ಮಂಡಿ ಮುರಿದುಕೊಂಡು ತಿಂಗಳುಗಟ್ಟಲೆ ಹೊರಗಿದ್ದ ಫಾರ್ವರ್ಡ್ ಪಲೆರ್ಮೊ ಬಂದು ಮೂರನೇ ಗೋಲು ಹೊಡೆದ. ಆದರೆ ಆ ರಾತ್ರಿ ಅಂದರೆ ಜನಕ್ಕೆ ನೆನಪಾಗುವುದು ಯಾವ ಗೋಲೂ ಅಲ್ಲ. ಗೆರೆಯ ಪಕ್ಕ ರಿಕೆಲ್ಮೆಗೆ ಚೆಂಡು ಸಿಗುತ್ತದೆ. ಬೆನ್ನ ಹಿಂದೆ ಮಾರಿಯೊ ಯೆಪೆಸ್, ಕೊಲಂಬಿಯಾದ ಎತ್ತರದ ಡಿಫೆಂಡರ್, ಮೈಗೆ ಅಂಟಿಕೊಂಡೇ ಬಂದಿದ್ದಾನೆ. ಹೋಗಲು ಜಾಗವೇ ಇಲ್ಲ. ರಿಕೆಲ್ಮೆ ಬೂಟಿನ ಅಡಿಯನ್ನು ಚೆಂಡಿನ ಮೇಲೆ ಇಡುತ್ತಾನೆ. ಯೆಪೆಸ್ ಇನ್ನೂ ಒಂದು ಹೆಜ್ಜೆ ಹತ್ತಿರ ಬರುತ್ತಾನೆ, ಕಾಲು ಅಗಲವಾಗುತ್ತದೆ. ಅಷ್ಟೇ ಸಾಕು. ಚೆಂಡನ್ನು ಹಿಂದಕ್ಕೆ, ಅವನ ಎರಡು ಕಾಲಿನ ನಡುವೆ ಎಳೆದುಬಿಟ್ಟ. ತಾನು ಇನ್ನೊಂದು ಬದಿಯಿಂದ ತಿರುಗಿ ಹೋಗಿ ಮತ್ತೆ ಚೆಂಡು ಹಿಡಿದ. ಹಿಂದೆ ನೋಡಲೇ ಇಲ್ಲ, ಆದರೂ ಆ ಕಾಲುಗಳ ಮಧ್ಯೆ ಸಂದಿ ತೆರೆಯುವ ಕ್ಷಣ ಗೊತ್ತಿತ್ತು. ನಿಧಾನಗತಿಯಲ್ಲಿ ಎಷ್ಟು ಸಲ ಹಾಕಿ ನೋಡಿದರೂ ಅದು ಹೇಗೆ ಗೊತ್ತಾಯಿತು ಅಂತ ನನಗೆ ಹೊಳೆದಿಲ್ಲ.

2001ರ ಏಪ್ರಿಲ್‌ನಲ್ಲಿ ಮತ್ತೆ ರಿವರ್. ಪೆನಾಲ್ಟಿ ತಡೆದರು, ವಾಪಸ್ ಬಂದ ಚೆಂಡನ್ನು ಗೋಲಿಗೆ ಹಾಕಿದ. ಆಮೇಲೆ ಮೈದಾನದ ಮಧ್ಯಕ್ಕೆ ಹೋಗಿ, ಕ್ಲಬ್ಬಿನ ಅಧ್ಯಕ್ಷ ಮೌರಿಸಿಯೊ ಮಕ್ರಿ ಕೂತಿದ್ದ ಕಡೆ ಮುಖ ಮಾಡಿ, ಎರಡೂ ಕಿವಿಗೆ ಕೈ ಇಟ್ಟು ನಿಂತ. ಆಗ ಇಬ್ಬರಿಗೂ ಸಂಬಳದ ಜಗಳ ನಡೆಯುತ್ತಿತ್ತು. ಕೇಳಿದರೆ, ಮಗಳಿಗೆ ಟೊಪೊ ಜಿಜಿಯೊ ಅನ್ನೋ ದೊಡ್ಡ ಕಿವಿಯ ಇಲಿ ಗೊಂಬೆ ಇಷ್ಟ, ಅದಕ್ಕೆ ಹಾಗೆ ಮಾಡಿದೆ ಅಂದ. ಯಾರು ನಂಬುತ್ತಾರೆ! ಮಕ್ರಿ ಮುಂದೆ ದೇಶದ ಅಧ್ಯಕ್ಷನೂ ಆದ. 2023ರ ಡಿಸೆಂಬರ್‌ನಲ್ಲಿ ಬೊಕಾ ಚುನಾವಣೆಗೆ ಉಪಾಧ್ಯಕ್ಷ ಅಭ್ಯರ್ಥಿಯಾಗಿ ನಿಂತಾಗ ಅವನ ತಂಡವನ್ನು ಮಣ್ಣು ಮುಕ್ಕಿಸಿದ್ದು ಇದೇ ರಿಕೆಲ್ಮೆ. ಇಪ್ಪತ್ತೆರಡು ವರ್ಷ ಹಟ ಇಟ್ಟುಕೊಳ್ಳೋದು ಅಂದರೆ ಇದು.

2002ರಲ್ಲಿ ತಮ್ಮನನ್ನು ಯಾರೋ ಅಪಹರಿಸಿದರು. ಹಣ ಕೊಟ್ಟು ಬಿಡಿಸಿಕೊಂಡ. ಅದೇ ವರ್ಷ ಬಾರ್ಸಿಲೋನಾಗೆ ಹೋದ. ಅಲ್ಲಿನ ಕೋಚ್ ವಾನ್ ಗಾಲ್‌ಗೆ ಈತ ಬೇಕಿರಲಿಲ್ಲ. ಬದಿಗೆ ಆಡಿಸಿದ. ನಡುವೆ ಇರಬೇಕಾದವನನ್ನು ಗೆರೆ ಪಕ್ಕ ಓಡು ಅಂದರೆ ಏನಾಗುತ್ತದೋ ಅದೇ ಆಯಿತು. ಮರುವರ್ಷ ರೊನಾಲ್ಡಿನೊ ಬಂದ, ಹತ್ತನೇ ನಂಬರು ಅವನಿಗೆ ಹೋಯಿತು, ಇವನು ಸಾಲದ ಮೇಲೆ, ಅಂದರೆ ಎರವಲು ಆಟಗಾರನಾಗಿ, ಸ್ಪೇನಿನದೇ ವಿಯ್ಯಾರಿಯಲ್ ಕ್ಲಬ್ಬಿಗೆ.

ನನ್ನ ಪ್ರಕಾರ ರಿಕೆಲ್ಮೆ ನಿಜವಾಗಿ ದೊಡ್ಡವನಾದದ್ದು ಅಲ್ಲೇ, ಒಂದೇ ಒಂದು ದೊಡ್ಡ ಕಪ್ ಗೆಲ್ಲದೆ. ಸುಮಾರು 50 ಸಾವಿರ ಜನರ ಊರು. ಸುತ್ತಮುತ್ತ ಟೈಲ್ಸ್ ಕಾರ್ಖಾನೆಗಳು. ಹಳದಿ ಅಂಗಿಯ ಈ ತಂಡ ಸ್ಪೇನಿನ ಮೊದಲ ಡಿವಿಷನ್ ಮುಖ ನೋಡಿದ್ದೇ 1998ರಲ್ಲಿ. ಕೋಚ್ ಪೆಲೆಗ್ರಿನಿ ರಿಕೆಲ್ಮೆಗೆ ಅವನ ಜಾಗ ಕೊಟ್ಟ. 2004-05ರಲ್ಲಿ ಲೀಗ್‌ನಲ್ಲಿ ಮೂರನೇ ಸ್ಥಾನ, ಫೋರ್ಲಾನ್‌ಗೆ 25 ಗೋಲು. ಮರುವರ್ಷ ಮೊಟ್ಟಮೊದಲ ಬಾರಿಗೆ ಚಾಂಪಿಯನ್ಸ್ ಲೀಗ್. ಮ್ಯಾಂಚೆಸ್ಟರ್ ಯುನೈಟೆಡ್ ಇದ್ದ ಗುಂಪಿನಲ್ಲಿ ಇವರೇ ಮೊದಲು, ಯುನೈಟೆಡ್ ಕೊನೆ. ಆಮೇಲೆ ರೇಂಜರ್ಸ್ ಹೋಯಿತು, ಇಂಟರ್ ಮಿಲಾನ್ ಹೋಯಿತು. ಸೆಮಿಫೈನಲ್‌ನಲ್ಲಿ ಆರ್ಸೆನಲ್.

ಲಂಡನ್ನಿನಲ್ಲಿ 1-0 ಸೋಲು. ಏಪ್ರಿಲ್ 25, 2006, ಊರಿನ ಮೈದಾನದಲ್ಲಿ ಎರಡನೇ ಪಂದ್ಯ. ವಿಯ್ಯಾರಿಯಲ್ ಒತ್ತಡ ಹಾಕಿದ್ದೇ ಹಾಕಿದ್ದು, ಗೋಲು ಮಾತ್ರ ಇಲ್ಲ. ಆಟ ಮುಗಿಯಲು ಒಂದೆರಡು ನಿಮಿಷ ಇರುವಾಗ ಪೆನಾಲ್ಟಿ ಸಿಕ್ಕಿತು. ಹಾಕಿದರೆ ಎಕ್ಸ್‌ಟ್ರಾ ಟೈಮ್. ಬೇರೆ ಯಾರು ಹೊಡೆಯಬೇಕು ಅನ್ನೋ ಪ್ರಶ್ನೆಯೇ ಇರಲಿಲ್ಲ. ರಿಕೆಲ್ಮೆ ಹೊಡೆದ, ಆರ್ಸೆನಲ್‌ನ ಜರ್ಮನ್ ಗೋಲಿ ಲೇಮನ್ ತನ್ನ ಎಡಕ್ಕೆ ಹಾರಿ ತಡೆದ. ಮುಗಿಯಿತು.

ಇದೊಂದು ಪೆನಾಲ್ಟಿ ಹಿಡಿದುಕೊಂಡು ಅವನ ಇಡೀ ಬದುಕನ್ನು ಅಳೆಯುವವರಿದ್ದಾರೆ. ದೊಡ್ಡ ಪಂದ್ಯದಲ್ಲಿ ಕೈಕೊಡುವವನು ಅಂತ. ಹಾಗೆ ಅನ್ನುವವರಿಗೆ ಆ ಊರು ಸೆಮಿಫೈನಲ್‌ವರೆಗೆ ಹೋದದ್ದು ಯಾರಿಂದ ಅಂತ ಮಾತ್ರ ಮರೆತುಹೋಗಿರುತ್ತದೆ.

ಎರಡೇ ತಿಂಗಳಿಗೆ ಜರ್ಮನಿಯಲ್ಲಿ ವಿಶ್ವಕಪ್. ಸರ್ಬಿಯಾ ಮತ್ತು ಮಾಂಟೆನೆಗ್ರೊ ವಿರುದ್ಧ ಅರ್ಜೆಂಟೀನಾ 6-0. ಅದರಲ್ಲಿ ಕಂಬಿಯಾಸೊ ಹೊಡೆದ ಗೋಲು, ಇಪ್ಪತ್ತೈದರಷ್ಟು ಪಾಸ್ ಆದ ಮೇಲೆ ಬಂದದ್ದು, ಇವತ್ತಿಗೂ ಎಲ್ಲ ಕಡೆ ಓಡಾಡುತ್ತದೆ. ಆ ಪಾಸುಗಳಲ್ಲಿ ರಿಕೆಲ್ಮೆ ಎಷ್ಟು ಸಲ ಚೆಂಡು ತಗೊಂಡು ಕೊಟ್ಟ ಅಂತ ಒಮ್ಮೆ ಗಮನಿಸಿ. ಜೂನ್ 30ರಂದು ಬರ್ಲಿನ್‌ನಲ್ಲಿ ಜರ್ಮನಿ ವಿರುದ್ಧ ಕ್ವಾರ್ಟರ್ ಫೈನಲ್. ನಮ್ಮಲ್ಲಿ ರಾತ್ರಿ ಎಂಟೂವರೆ. ಹಾಸ್ಟೆಲ್ ಟಿವಿ ರೂಮಿನಲ್ಲಿ ಊಟದ ತಟ್ಟೆ ಹಿಡಿದೇ ನಿಂತಿದ್ದೆವು. ರಿಕೆಲ್ಮೆ ಕಾರ್ನರ್ ಹೊಡೆದ, ಅಯಾಲ ತಲೆ ಕೊಟ್ಟ, 1-0. ಆಮೇಲೆ ಗೋಲಿ ಅಬೊಂಡಾನ್ಸಿಯೆರಿ ಗಾಯಗೊಂಡು ಹೊರಹೋದ. ಮರುನಿಮಿಷ, 72ರಲ್ಲಿ, ಕೋಚ್ ಪೆಕರ್‌ಮನ್ ರಿಕೆಲ್ಮೆಯನ್ನೂ ಹೊರಗೆ ಕರೆದು ಕಂಬಿಯಾಸೊನನ್ನು ಕಳಿಸಿದ. ಇರೋ ಗೋಲು ಕಾಪಾಡೋಣ ಅನ್ನೋ ಲೆಕ್ಕ.

ರೂಮಿನಲ್ಲಿ ಒಬ್ಬ ಜೋರಾಗಿ ಬೈದ. ಬೈದದ್ದು ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ. ರಿಕೆಲ್ಮೆ ಸುಸ್ತಾಗಿದ್ದ, ನಿಜ. ಆದರೆ ಚೆಂಡನ್ನು ಕಾಲಲ್ಲಿ ಇಟ್ಟುಕೊಂಡು ಗಡಿಯಾರ ಓಡಿಸುವವನು ಅವನೊಬ್ಬನೇ. ಅವನು ಹೋದ ಮೇಲೆ ಅರ್ಜೆಂಟೀನಾ ಸಿಕ್ಕ ಚೆಂಡನ್ನೆಲ್ಲ ದೂರ ಒದೆಯತೊಡಗಿತು, ಅದು ಹೋದಷ್ಟೇ ಬೇಗ ವಾಪಸ್ ಬಂತು. 80ನೇ ನಿಮಿಷ, ಕ್ಲೋಸೆ, 1-1. ಮೆಸ್ಸಿ ಬೆಂಚಿನಲ್ಲೇ ಕೂತಿದ್ದ. ಪೆನಾಲ್ಟಿಯಲ್ಲಿ ಜರ್ಮನಿ 4-2. ಸಾಕ್ಸಿನಿಂದ ಚೀಟಿ ತೆಗೆದು ಓದಿ ಎರಡು ತಡೆದ ಗೋಲಿ ಯಾರು ಗೊತ್ತಲ್ಲ? ಮತ್ತದೇ ಲೇಮನ್.

ತಾಯಿಯ ಆರೋಗ್ಯ ಕೆಟ್ಟಿದೆ, ಈ ಟೀಕೆಗಳನ್ನು ಅವರು ತಡೆದುಕೊಳ್ಳುತ್ತಿಲ್ಲ ಅಂತ ಹೇಳಿ ಅದೇ ವರ್ಷ ದೇಶದ ತಂಡ ಬಿಟ್ಟ. ಆಮೇಲೆ ತಿರುಗಿ ಬಂದ. 2008ರ ಬೀಜಿಂಗ್ ಒಲಿಂಪಿಕ್ಸ್ ಚಿನ್ನ ಗೆದ್ದ ತಂಡಕ್ಕೆ ಇವನೇ ನಾಯಕ. 2009ರಲ್ಲಿ ಕೋಚ್ ಮರಡೋನಾ ಜೊತೆ ಹೊಂದದೆ ಪೂರ್ತಿ ಬಿಟ್ಟ. ವಿಯ್ಯಾರಿಯಲ್‌ನಲ್ಲೂ ಪೆಲೆಗ್ರಿನಿ ಜೊತೆ ಕೆಟ್ಟಿತು. ಸುಲಭದ ಮನುಷ್ಯ ಅಲ್ಲವೇ ಅಲ್ಲ.

ಹಾಗೆ ಕೆಟ್ಟದ್ದರಿಂದಲೇ 2007ರಲ್ಲಿ ಸಾಲದ ಮೇಲೆ ಬೊಕಾಗೆ ಬಂದದ್ದು. ಆ ಲಿಬರ್ತಡೋರೆಸ್‌ನಲ್ಲಿ 8 ಗೋಲು ಹೊಡೆದ. ಗ್ರೆಮಿಯೊ ವಿರುದ್ಧದ ಫೈನಲ್ ಎರಡೂ ಪಂದ್ಯ ಸೇರಿ 5-0, ಅದರಲ್ಲಿ ಮೂರು ಇವನದೇ. 2014ರಲ್ಲಿ ಚಿಕ್ಕಂದಿನ ಅರ್ಜೆಂಟಿನೋಸ್ ಜೂನಿಯರ್ಸ್‌ಗೆ ಹೋದ. ಆಗ ಅದು ಎರಡನೇ ಡಿವಿಷನ್‌ನಲ್ಲಿತ್ತು. ಅದನ್ನು ಮೇಲಕ್ಕೆ ಹತ್ತಿಸಿ 2015ರ ಜನವರಿಯಲ್ಲಿ ಇನ್ನು ಸಾಕು ಅಂದ.

ಯಾರಿಗಾದರೂ ನೋಡುವ ಆಸೆ ಬಂದರೆ ಗೋಲುಗಳ ತುಣುಕು ನೋಡಬೇಡಿ, ಅದರಲ್ಲಿ ರಿಕೆಲ್ಮೆ ಸಿಗೋದಿಲ್ಲ. 2000ದ ನವೆಂಬರ್ 28ರ ಟೋಕಿಯೊ ಪಂದ್ಯ ಪೂರ್ತಿ ನೋಡಿ. ಬೊಕಾ ಆಡಿದ್ದು ರಿಯಲ್ ಮ್ಯಾಡ್ರಿಡ್ ವಿರುದ್ಧ. ಆರು ನಿಮಿಷದಲ್ಲಿ ಪಲೆರ್ಮೊ ಎರಡು ಗೋಲು ಹೊಡೆಯುತ್ತಾನೆ, ಎರಡನೆಯದು ರಿಕೆಲ್ಮೆಯ ಉದ್ದ ಪಾಸಿನಿಂದ. ಸ್ವಲ್ಪದರಲ್ಲೇ ರಾಬರ್ಟೊ ಕಾರ್ಲೋಸ್ ಒಂದು ತಿರುಗಿಸುತ್ತಾನೆ. ಆಮೇಲೆ ಗೋಲೇ ಇಲ್ಲ. ಆ ಉಳಿದ ಹೊತ್ತನ್ನು ನೋಡಿ. ಚೆಂಡು ಕಿತ್ತುಕೊಳ್ಳುವುದರಲ್ಲಿ ಹೆಸರಾದ ಮಕೆಲೆಲೆಯಂಥವನು ಬೆನ್ನಿಗೆ ಬಿದ್ದಿದ್ದರೂ ಚೆಂಡು ಇವನ ಕಾಲು ಬಿಟ್ಟು ಹೋಗೋದೇ ಇಲ್ಲ.